ಹಳೇ ಕಂಪ್ಯೂಟರಿಗೆ ಹೊಸ ಕಾರ್ಡು

ಮಾರ್ಚ್ 3, ಸೋಮವಾರ

ಮತ್ತೆ ಹ್ಯಾಂಗ್. ಡಾಕ್ಟರಮ್ಮನ ಅಡುಗೆಮನೆ ಡ್ರಾಯಿಂಗ್ ತಿರುಗಿಸ್ತಿದ್ದೆ, ಕಪಾಟಿನ ಬಾಗಿಲು ಗಾಳಿಯಲ್ಲೇ ನಿಂತುಬಿಡ್ತು. ಶುಕ್ರವಾರ ಸಂಜೆಯೊಳಗೆ ತ್ರೀಡಿ ತೋರಿಸದಿದ್ರೆ ಬೇರೆ ಡಿಸೈನರ್ ನೋಡ್ಕೋತಾರಂತೆ. ಕೈಯಲ್ಲಿರೋದು ಇದೊಂದೇ ಕೆಲಸ. ಇವರ ಪ್ರೆಸ್ಸು ಮುಚ್ಚಿದ ಮೇಲೆ ಮನೆ ನಡೀತಿರೋದೇ ನನ್ನ ಡ್ರಾಯಿಂಗಿನಿಂದ.

"ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ್ರೆ ಓಡುತ್ತೆ. ನಾನೇ ಹಾಕ್ತೀನಿ ಬಿಡು," ಅಂದ್ರು ಇವರು. ವಾದ ಮಾಡೋಕೂ ಸುಸ್ತು. ಹೂಂ ಅಂದೆ.

ಮಾರ್ಚ್ 4, ಸಂಜೆ

ಕಾರ್ಡು ಬಂತು. ಊಟದ ಟೇಬಲ್ ಮೇಲೆ ಸಿಪಿಯು ಬಿಚ್ಚಿ ಹರವಿಕೊಂಡು ಕೂತ್ರು. ಒಳಗೆ ವರ್ಷಗಳ ಧೂಳು... ಮಗುವಿಗೆ ತಲೆ ಬಾಚೋ ಹಾಗೆ ಬ್ರಷ್ ಆಡಿಸಿದ್ರು. ಎಷ್ಟೋ ದಿನದ ಮೇಲೆ ಇವರ ಶಿಳ್ಳೆ ಕೇಳಿಸ್ತು. ಕಾರ್ಡು ಉದ್ದ, ಡಬ್ಬ ಗಿಡ್ಡ — ಅಂತೂ ಇಂತೂ ಕೂರಿಸಿದ್ರು. ಇವರು ಕೈ ತೊಳೆಯೋಕೆ ಹೋದಾಗ ನಾನು ತಡೀಲಾರದೆ ಕೇಬಲ್ಲೆಲ್ಲ ಸಿಕ್ಕಿಸಿ ಆನ್ ಮಾಡಿದೆ.

ಅದೇ ಆಮೆ ನಡಿಗೆ. ಒಂಚೂರೂ ಬದಲಾಗಿಲ್ಲ.

ಮಾರ್ಚ್ 5

ಅಂದುಬಿಟ್ಟೆ. "ನಿಮ್ಮ ಕೈಲಿ ಒಂದು ಕೆಲಸ ಆದ್ರೂ ನೆಟ್ಟಗಾಗುತ್ತೇನ್ರೀ?"

ಕಾರ್ಡಿನ ಮಾತಲ್ಲ ಅದು. ಇಬ್ಬರಿಗೂ ಗೊತ್ತು. ತಿರುಗಿ ಬೈದಿದ್ರೆ ಚೆನ್ನಾಗಿತ್ತು, ಜಗಳ ಆಡಿ ಮುಗಿಸಬಹುದಿತ್ತು. ಸ್ಕ್ರೂಗಳನ್ನ ಬಟ್ಟಲಿಗೆ ಹಾಕಿಟ್ರು.

ಮಾರ್ಚ್ 7, ಶುಕ್ರವಾರ, ಮಧ್ಯಾಹ್ನ

ಬೆಳಿಗ್ಗೆ ಸಿಪಿಯು ಹೊತ್ಕೊಂಡು ಅಂಗಡಿಗೆ ಹೋದವರು ಈಗ ಬಂದ್ರು, ಬೆವರು ಸುರಿಸ್ಕೊಂಡು.

"ಕಾರ್ಡು ಚೆನ್ನಾಗೇ ಇದೆಯಂತೆ. ಮಾನಿಟರ್ ಕೇಬಲ್ ಹೊಸ ಕಾರ್ಡಿಗೆ ಚುಚ್ಚಬೇಕಿತ್ತಂತೆ. ಹಳೇ ಪೋರ್ಟಿಗೇ ಚುಚ್ಚಿದ್ರೆ ಕಾರ್ಡು ಇದ್ದೂ ಇಲ್ಲದ ಹಾಗೆ. ನಮ್ಮನೇಲಿ ಹಳೇದಕ್ಕೇ ಚುಚ್ಚಿತ್ತು ಅಂದೆ, ಅಂಗಡಿಯವನು ನಕ್ಕುಬಿಟ್ಟ."

ಸಿಪಿಯು ಕೆಳಗಿಟ್ಟು ಮತ್ತೆ ಅಂದ್ರು,

"ನನ್ನದೇ ತಪ್ಪು ಕಣೇ. ಅಷ್ಟೂ ನೋಡ್ಕೊಳ್ಳಲಿಲ್ಲ."

ಚುಚ್ಚಿದ್ದು ನಾನು. ಕೇಬಲ್ ಮುಟ್ಟಿದ್ದು ತಾನಲ್ಲ ಅಂತ ಕೂಡ ಹೊಳೆದಿಲ್ಲ ಇವರಿಗೆ. ಮನೇಲಿ ಏನು ಕೆಟ್ಟರೂ ತನ್ನಿಂದಲೇ ಅನ್ನೋ ಹಾಗೆ ಮಾಡಿಟ್ಟಿದ್ದೀನಿ. ಥೂ, ನನ್ನ ಬಾಯಿಗಿಷ್ಟು.

ಹಾಲ್‌ನಿಂದ ಕರೀತಿದ್ದಾರೆ. "ಬಾರೇ, ಈ ಸಲ ಕೇಬಲ್ ನೀನೇ ಹಾಕು. ನನ್ನ ಕೈ ಬೇಡ."

ಬಂದೆ ಅಂದೆ. ಇನ್ನೂ ಇಲ್ಲೇ ಕೂತಿದ್ದೀನಿ. ಮೊದಲು ಹೇಳೋದು, ಆಮೇಲೆ ಕೇಬಲ್ಲು. ಹೇಗೆ ಶುರು ಮಾಡ್ಲಿ... ರೀ, ಅವತ್ತು ನೀವು ಕೈ ತೊಳೆಯೋಕೆ ಹೋದಾಗ —