ಡೇರಿ ಜಗಲಿಯಲ್ಲಿ ಪೋಷಕರ ಸಭೆ ನಡೆಸಿದ ಅಪರಾಧದ ಕುರಿತು

ಮಾನ್ಯ ಶಿಕ್ಷಣಾಧಿಕಾರಿಗಳೇ, ಮಾನ್ಯರ ಮೇಜಿನ ಮುಂದೆ ಕೈಕಟ್ಟಿ ನಿಂತಿರುವ ಸಿಬ್ಬಂದಿ ವರ್ಗದವರೇ, ಗೋಡೆಯ ಮೇಲೆ ಹಾರ ಒಣಗಿಸಿಕೊಂಡಿರುವ ಮಹನೀಯರೇ, ಮೂಲೆಯಲ್ಲಿ ಧೂಳು ಕುಡಿಯುತ್ತಿರುವ ಕಡತಗಳೇ, ತಾವೆಲ್ಲರೂ ಚಿತ್ತವಿಟ್ಟು ಕೇಳಬೇಕು. ಕಿಕ್ಕೇರಿ ಹೋಬಳಿಯ ನಮ್ಮೂರಿನ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ ಅಪರ್ಣ ಅವರು ಪೋಷಕರ ಸಭೆಯನ್ನು ಶಾಲೆಯ ಕೊಠಡಿಯಲ್ಲಿ ನಡೆಸದೆ ಹಾಲಿನ ಡೇರಿಯ ಜಗಲಿಯಲ್ಲಿ ನಡೆಸಿದರೆಂದು ನೋಟಿಸು ಕೊಟ್ಟಿದ್ದೀರಿ. ಅಷ್ಟಕ್ಕೇ ತೃಪ್ತಿಯಾಗದೆ, ಬರುವ ಸೋಮವಾರದಿಂದ ಅವರನ್ನು ನಾಗಮಂಗಲದ ಕಡೆಯ ಶಾಲೆಯೊಂದಕ್ಕೆ ಎತ್ತಿಹಾಕಿದ್ದೀರಿ. ಕಳ್ಳಬಟ್ಟಿ ಕಾಯಿಸಿದವನಿಗೂ ನಮ್ಮ ಸೀಮೆಯಲ್ಲಿ ಇಷ್ಟು ಬೇಗ ಶಿಕ್ಷೆಯಾದದ್ದನ್ನು ನಾನು ಕಂಡಿಲ್ಲ.

ನಾನು ಯಾರೆಂದರೆ, ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿ ಬೇರೆಯವರ ಟ್ರಾಕ್ಟರು ಓಡಿಸುತ್ತಿರುವವನು. ಹೆಂಡತಿ ಪುಟ್ಟಗೌರಮ್ಮ ಕೂಲಿಗೆ ಹೋಗುತ್ತಾಳೆ, ಒಂದು ಹಸು ಸಾಕಿದ್ದಾಳೆ. ಮಗಳು ಅರ್ಪಿತ ಇದೇ ಶಾಲೆಯ ಮೂರನೇ ತರಗತಿ. ಅಂದರೆ, ನಿಮ್ಮ ವರದಿಗಳಲ್ಲಿ ‘ಶೈಕ್ಷಣಿಕ ಕಾಳಜಿಯ ಕೊರತೆಯುಳ್ಳ ಪೋಷಕರು’ ಎಂದು ಬರುತ್ತದಲ್ಲ, ಅದು ನಾವೇ. ನಮಸ್ಕಾರ.

ಈ ಕೊರತೆಯನ್ನು ತಾವು ಪತ್ತೆ ಮಾಡಿದ ಬಗೆಯನ್ನು ಸಭಿಕರು ಮೆಚ್ಚಲೇಬೇಕು. ಸಭೆಗೆ ತಾವು ಗೊತ್ತು ಮಾಡುವುದು ಕೆಲಸದ ದಿನ, ಬೆಳಿಗ್ಗೆ ಹನ್ನೊಂದು ಗಂಟೆ. ಆ ಹೊತ್ತಿಗೆ ನಮ್ಮೂರಿನ ಹೆಂಗಸರು ಯಾರದೋ ಗದ್ದೆಯಲ್ಲಿ ನಾಟಿಗೆ ಬಗ್ಗಿರುತ್ತಾರೆ. ಸಾಲಿನಿಂದ ಒಬ್ಬಳು ಎದ್ದು ಬಂದರೆ ಅವತ್ತಿನ ಕೂಲಿಯೂ ಹೋಯಿತು, ನಾಳೆಯ ಕರೆಯೂ ಹೋಯಿತು. ನಿಮಗೆ ಹಾಜರಿ ಬೇಕು, ಅವರಿಗೆ ಮಜೂರಿ ಬೇಕು. (ಪ್ರಾಸ ನನ್ನ ಚಟ, ಕ್ಷಮಿಸಿ, ಓದಿದ್ದರಲ್ಲಿ ಉಳಿದದ್ದು ಅದೊಂದೇ.) ಸಭೆಗೆ ಬರುತ್ತಿದ್ದವರು ಖಾಲಿ ಕುರ್ಚಿಗಳು, ಮತ್ತು ಫ್ಯಾನಿನ ಕೆಳಗೆ ನಿದ್ದೆ ತೆಗೆಯಲು ಬರುತ್ತಿದ್ದ ನಮ್ಮಪ್ಪ ಮರಿಯಯ್ಯ. ಆಗ ತಾವೇನು ಮಾಡಿದಿರಿ? ಪೋಷಕರನ್ನು ಎಚ್ಚರಿಸಲು ಮಕ್ಕಳ ಕೈಗೆ ಫಲಕ ಕೊಟ್ಟು ಜಾಥಾ ಹೊರಡಿಸಿದಿರಿ. ಕೋಳಿ ಕೂಗುವ ಮೊದಲೇ ಎದ್ದು ಕೊಟ್ಟಿಗೆ ಬಾಚಿದವರನ್ನು, ಬಿಸಿಲೇರಿದ ಮೇಲೆ ಕಾರಿನಿಂದ ಇಳಿದವರು ಎಚ್ಚರಿಸಬೇಕೇ?

ಶ್ರೀರಂಗಪಟ್ಟಣದ ಗಂಜಾಂನಿಂದ ಬಂದ ಅಪರ್ಣ ಟೀಚರಿಗೂ ಮೊದಮೊದಲು ನಮ್ಮೂರು ಅರ್ಥವಾಗಲಿಲ್ಲ. ಆದರೆ ಅವರಿಗೊಂದು ಕೆಟ್ಟ ಅಭ್ಯಾಸ: ಗೊತ್ತಾಗದಿದ್ದರೆ ಕೇಳುತ್ತಾರೆ. ಸಭೆಗೆ ಯಾಕೆ ಬರುವುದಿಲ್ಲವೆಂದು ನಮ್ಮ ಪಕ್ಕದ ಮನೆಯ ಬೈರಮ್ಮನನ್ನು ದಾರಿಯಲ್ಲೇ ನಿಲ್ಲಿಸಿ ಕೇಳಿದರು.

“ನೀವ್ ಕರ್ಯೋ ಒತ್ನಲ್ಲಿ ನಾವ್ ಕೆಸ್ರಲ್ಲಿರ್ತೀವಿ ಕಣ್ ಟೀಚರಮ್ಮ. ಸಂಜೀಕೆ ಡೇರಿ ತಾವ್ಕೆ ಬನ್ನಿ, ಇಡೀ ಊರೇ ಸಿಕ್ತದೆ,” ಎಂದಳು ಬೈರಮ್ಮ.

ಬಂದೇಬಿಟ್ಟರು. ಕ್ಯಾನು ಹಿಡಿದ ಸಾಲು ಜಗಲಿಯಿಂದ ರಸ್ತೆಯವರೆಗೆ ಇತ್ತು. ಹಾಲು ಅಳೆಯುವ ಚಲುವರಾಜು ಸುಮ್ಮನಿರುವ ಆಸಾಮಿಯಲ್ಲ.

“ಏನ್ ಟೀಚರಮ್ಮ, ಇನ್ಮ್ಯಾಕೆ ಐಕ್ಳಿಗೂ ಫ್ಯಾಟ್ ಟೆಸ್ಟಾ?”

“ಹೌದಪ್ಪ, ಯಾರ ಮನೇಲಿ ನೀರು ಬೆರೆಸ್ತಾರೆ ಅಂತ ನೋಡೋಣ ಅಂತ ಬಂದೆ,” ಎಂದರು ಟೀಚರು. ಸಾಲಿಗೆ ಸಾಲೇ ನಕ್ಕಿತು. ಸಭೆ ಶುರುವಾದದ್ದು ಹಾಗೆ. ದೀಪ ಹಚ್ಚಲಿಲ್ಲ, ಸ್ವಾಗತ ಭಾಷಣವಿಲ್ಲ. ಅಪರಾಧ ನಿಜಕ್ಕೂ ಗಂಭೀರವಾದದ್ದೇ.

“ನಮ್ಗೇ ಓದಾಕ್ ಬರಾಕಿಲ್ಲ, ನಾವೇನವ್ವ ಯೋಳ್ಕೊಡದು?” ಎಂದು ಬೈರಮ್ಮ ಕೇಳಿದಳು.

“ನೀವೇನೂ ಹೇಳ್ಕೊಡಬೇಡಿ. ಹಾಲು ಕರೆಯೋವಾಗ ಮಗೂನ ಪಕ್ಕದಲ್ಲಿ ಕೂರಿಸ್ಕೊಂಡು ಪಾಠ ಓದಿಸಿ. ಮುಂದೇನಾಯ್ತು ಅಂತ ಕೇಳ್ತಾ ಇರಿ, ಸಾಕು.”

“ನಮ್ ಐದ ಓದುದ್ರೆ ನಮ್ಮೆಮ್ಮೆ ಆಲೇ ಇಳ್ಸಾಕಿಲ್ಲ, ಬುಡಿ!” ಎಂದಳು ಬೈರಮ್ಮ.

ನಮ್ಮ ಹಸು ಇಳಿಸಿತು. ಎರಡು ವರ್ಷ ಶಾಲೆಯಲ್ಲಿ ತುಟಿ ಎರಡು ಮಾಡದ, ‘ಕಲಿಕೆಯಲ್ಲಿ ಹಿಂದುಳಿದವಳು’ ಎಂದು ನಿಮ್ಮವರು ಷರಾ ಬರೆದ ಅರ್ಪಿತ, ಕೊಟ್ಟಿಗೆಯಲ್ಲಿ ಅಮ್ಮನಿಗಾಗಿ ಅಕ್ಷರ ಕೂಡಿಸತೊಡಗಿದಳು. ಒಂದು ದಿನ ಹಸು ಒದ್ದು ಹಾಲೆಲ್ಲ ಚೆಲ್ಲಿತು. ಪುಟ್ಟಗೌರಮ್ಮ ಹಸುವಿನ ವಂಶವನ್ನೆಲ್ಲ ಬೈದಳು. ಮಗಳು ಮಾತ್ರ ಪಾಠದಲ್ಲಿ ಬಾವಿಗೆ ಬಿದ್ದ ನರಿ ಮೇಲೆ ಬರುವವರೆಗೆ ಓದು ನಿಲ್ಲಿಸಲಿಲ್ಲ. ಆಮೇಲೆ ತರಗತಿಯಲ್ಲೂ ಎದ್ದು ನಿಂತು ಓದಿದಳು. ಓದಿ ಮುಗಿಸಿ, ಮುಂದೇನಾಯ್ತು ಗೊತ್ತಾ ಎಂದು ಟೀಚರನ್ನೇ ಕೇಳಿದಳಂತೆ.

ತಾವು ಸಭೆಯ ತಪಾಸಣೆಗೆಂದು ಸಂಜೆ ಬಂದ ದಿನ ಕೊಠಡಿ ಖಾಲಿ, ಡೇರಿ ಭರ್ತಿ. ಇದರಿಂದ ‘ಇಲಾಖೆಯ ಘನತೆಗೆ ಧಕ್ಕೆ’ ಆಯಿತಂತೆ. ಹಾಲು ಒಡೆಯಲು ಹುಳಿ ಹಿಂಡಬೇಕು. ಘನತೆ ಒಡೆಯಲು ಹಾಲೇ ಸಾಕಾಯಿತೇ? ಶಾಲೆ ಬಡವರ ಬದುಕಿಗೆ, ಅವರ ಸಂಸ್ಕೃತಿಗೆ ಹೊಂದಿಕೊಳ್ಳಬೇಕೆಂದು ಕಳೆದ ವರ್ಷ ಸುತ್ತೋಲೆ ಕಳಿಸಿದವರು ತಾವೇ ಅಲ್ಲವೇ? ಅದರ ಮೇಲೆ ಕಾರ್ಯಾಗಾರ, ಕಾರ್ಯಾಗಾರದ ಮೇಲೆ ಗೋಡಂಬಿ ಉಪಾಹಾರ. ಸಂಸ್ಕೃತಿಯೆಂದರೆ ಮಕ್ಕಳಿಗೆ ಕಚ್ಚೆ ಉಡಿಸಿ, ಕಂಸಾಳೆ ಕೊಡಿಸಿ, ಫೋಟೋ ಹೊಡೆಸಿ ಕಳಿಸುವುದೆಂದು ಉಳಿದವರಿಗೆಲ್ಲ ತಿಳಿದಿತ್ತು. ಆ ಸುತ್ತೋಲೆಯನ್ನು ಓದಿ, ನಂಬಿ, ನಡೆಸಿಯೂಬಿಟ್ಟ ಏಕೈಕ ಪ್ರಾಣಿ ಈ ಹೆಣ್ಣುಮಗಳು. ಆದೇಶವನ್ನು ಪಾಲಿಸಿದರೆಂಬ ಕಾರಣಕ್ಕೆ ಶಿಕ್ಷೆ ಕೊಡುವ ಇಲಾಖೆ ಜಗತ್ತಿನಲ್ಲಿ ಇನ್ನೊಂದಿದ್ದರೆ ದಯವಿಟ್ಟು ತಿಳಿಸಿ. ಟ್ರಾಕ್ಟರಿನಲ್ಲೇ ಹೋಗಿ ನೋಡಿಬರುತ್ತೇನೆ.

ಆದ್ದರಿಂದ ನೋಟಿಸು ಹಿಂತೆಗೆದುಕೊಳ್ಳಿ, ವರ್ಗಾವಣೆ ರದ್ದು ಮಾಡಿ. ಪೋಷಕರ ಸಭೆ ಎಲ್ಲಿ, ಯಾವ ಹೊತ್ತಿಗೆ ಎಂಬುದನ್ನು ಆಯಾ ಊರಿನ ಕೂಲಿ ಹೆಂಗಸರನ್ನು ಕೇಳಿ ಗೊತ್ತುಮಾಡಬೇಕೆಂದು ಆದೇಶ ಹೊರಡಿಸಿ. ಇದು ನಮ್ಮ, ಅಂದರೆ ಸಮಸ್ತ ಗ್ರಾಮಸ್ಥರ ಒಕ್ಕೊರಲ ಆಗ್ರಹ.

ಸುಳ್ಳು. ಗ್ರಾಮಸ್ಥರು ಯಾರೂ ಸಹಿ ಹಾಕಲಿಲ್ಲ. “ಸರ್ಕಾರದೋರ ಸಾವಾಸ ನಮಗ್ಯಾಕ್ಲಾ ಶಂಕ್ರ” ಎಂದು ಜಾರಿಕೊಂಡರು. ನಾನೊಬ್ಬನೇ. ಇಲ್ಲಿಯವರೆಗೆ ಮಾಡಿದ ಗೇಲಿಯೂ ಧೈರ್ಯದಿಂದ ಬಂದದ್ದಲ್ಲ; ಬೈದರೆ ಭಯ ಕಡಿಮೆಯಾಗುತ್ತದೆಂದು ಬೈದೆ, ಆಗಲಿಲ್ಲ. ಟೀಚರು ಹೋಗುತ್ತಾರೆಂಬ ಸುದ್ದಿ ಕೇಳಿದಾಗಿನಿಂದ ಮಗಳು ಮತ್ತೆ ತುಟಿ ಬಿಚ್ಚುತ್ತಿಲ್ಲ. ಅವರನ್ನು ಇಲ್ಲೇ ಬಿಡಿ ಸ್ವಾಮಿ. ಕಾಲಿಗೆ ಬೀಳಬೇಕೆಂದರೆ ಬೀಳುತ್ತೇನೆ. ಯಾವ ಜಾಗ, ಯಾವ ಹೊತ್ತು ಎಂದು ತಾವೇ ಹೇಳಿ, ಬರುತ್ತೇನೆ.

ಇಂತಿ,
ಬಾಯಿ ದೊಡ್ಡದು ಮಾಡಿದ ಸಣ್ಣ ಮನುಷ್ಯ,
ಅರ್ಪಿತಳ ಅಪ್ಪ ಶಂಕರ್