ತಾಮ್ರದ ಹಂಡೆಯಲ್ಲಿ ಬಂಗಾರ ಮೀನು

ತಂಗಿ ನೀಲಮ್ಮ,

ಇದನ್ನು ಬರೆಯುತ್ತಿರುವವಳು ನಿನ್ನ ನೆಗೆಣ್ಣಿ ಶರಣಮ್ಮ. ಸುರಪುರದ ಈ ಮನೆಗೆ ನಿನಗಿಂತ ಮೊದಲು ಹಿರಿಯ ಸೊಸೆಯಾಗಿ ಬಂದವಳು, ಶಹಾಪುರದ ಹೈಸ್ಕೂಲಿನಲ್ಲಿ ಹತ್ತನೆಯ ತರಗತಿ ಪಾಸಾದವಳು. ಅತ್ತೆ ತೀರಿದ ದಿನದಿಂದ ಯಾವ ಹೊಲಕ್ಕೆ ಯಾವ ಬೀಜ, ಯಾವ ಮದುವೆಗೆ ಯಾರು ಹೋಗಬೇಕು, ಇವತ್ತು ಪಲ್ಯ ಯಾವುದು, ಎಲ್ಲವನ್ನೂ ಹೇಳುವವಳು ನಾನೇ. ಮಗ, ಸೊಸೆ, ಮೊಮ್ಮಕ್ಕಳು ನನ್ನ ಮುಖ ನೋಡಿಯೇ ಮಾತು ಶುರು ಮಾಡುತ್ತಾರೆ. ನಿನಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೂ ಮೊದಲೇ ಹೇಳಿಬಿಟ್ಟಿದ್ದೇನೆ, ಏಕೆಂದರೆ ಮುಂದೆ ಬರೆಯಬೇಕಾದದ್ದು ಇಂಥವಳ ಕೈಯಿಂದ ಬರುವ ಮಾತಲ್ಲ.

ನೀನು ನಾರಾಯಣಪುರದಿಂದ ಬಂದ ಆ ಮಧ್ಯಾಹ್ನ ಕಣ್ಣ ಮುಂದಿದೆ. ನಿನ್ನ ಗಂಡ ತೀರಿಕೊಂಡು ಒಂದು ವರ್ಷವಾಗಿತ್ತು. ಡ್ಯಾಮಿನ ಕ್ವಾರ್ಟರ್ಸಿನಲ್ಲಿದ್ದ ನಿನ್ನ ತಮ್ಮನ ಕೈಯಿಂದ ಅಲ್ಲಿಯ ಕೊಳದ ಒಂಬತ್ತು ಬಂಗಾರ ಮೀನು ಹಿಡಿಸಿ, ಪ್ಲಾಸ್ಟಿಕ್ ಚೀಲದಲ್ಲಿ, ಬಸ್ಸಿನುದ್ದಕ್ಕೂ ಮಡಿಲಲ್ಲಿಟ್ಟುಕೊಂಡು ತಂದಿದ್ದೆ. ಸೀರೆಯೆಲ್ಲ ಒದ್ದೆ. ಲಿಂಗ ಕಟ್ಟಿದ ಮನೆಗೆ ಮೀನೇ ಎಂದು ನಾನು ಬಾಗಿಲಲ್ಲೇ ತಡೆದೆ. “ತಿನ್ನಾಕ ತಂದಿಲ್ಲ ಯಕ್ಕಾ, ನೋಡಾಕ ತಂದೀನಿ” ಎಂದು ನನ್ನನ್ನು ದಾಟಿಕೊಂಡು ಹಿತ್ತಲಿನ ಹೊಂಡಕ್ಕೆ ಹೋದೆ. ಮರುದಿನ ಓಣಿಯ ಹೆಂಗಸರು, “ಏನ್ರೀ ಶರಣಮ್ಮೋರ, ನಿಮ್ಮನ್ಯಾಗ ಮೀನಿನ ಸಾರು ಚಾಲೂ ಆತೇನ್ರೀ?” ಎಂದು ನಕ್ಕರು. ಎಂಟು ದಿನ ನಾನು ನಿನ್ನೊಡನೆ ಮಾತು ಬಿಟ್ಟೆ. ನೀನು ಬಿಟ್ಟೆಯಾ?

ಮೊದಲ ಚಳಿಗಾಲದಲ್ಲಿ ಅವುಗಳ ಮೈಮೇಲೆ ರವೆಯಂಥ ಬಿಳಿ ಚುಕ್ಕೆ ಎದ್ದು ಎರಡು ಸತ್ತವು. ನಮ್ಮ ಕಡೆಯ ಚಳಿ ಏನು ಮಹಾ ಎಂದಿದ್ದೆ ನಾನು. ಹೊಂಡ ಮೊಳಕಾಲುದ್ದದ್ದು, ಮುಂಜಾನೆ ಕೊರೆಯುವ ನೀರು ಮಧ್ಯಾಹ್ನಕ್ಕೆ ಬೆಚ್ಚಗಾಗುತ್ತದೆ, ಆ ಏರಿಳಿತವೇ ಅವಕ್ಕೆ ಒಗ್ಗುವುದಿಲ್ಲ ಎಂದು ಕಂಡುಕೊಂಡವಳು ನೀನು. ಮುಂದಿನ ದೀಪಾವಳಿಯಿಂದ ಶಿವರಾತ್ರಿಯವರೆಗೆ ಅವು ನಿನ್ನ ಕೋಣೆಯಲ್ಲಿರತೊಡಗಿದವು. ಅರ್ಧ ಕೊಯ್ದ ನೀಲಿ ಡ್ರಮ್ಮು, ಬೆಕ್ಕು ಬಾರದಂತೆ ಮೇಲೊಂದು ಜಾಳಿಗೆ. ನಳದ ನೀರನ್ನು ಬಕೆಟ್ಟಿನಲ್ಲಿ ಒಂದು ದಿನ ಇಟ್ಟು, ವಾರಕ್ಕೊಮ್ಮೆ ಕಾಲು ಭಾಗ ಮಾತ್ರ ಬದಲಿಸುತ್ತಿದ್ದೆ. ಹೊಂಡದಿಂದ ತರುವಾಗ ಮೀನನ್ನು ಚೀಲದ ಸಮೇತ ಡ್ರಮ್ಮಿನಲ್ಲಿ ತೇಲಿಬಿಟ್ಟು, “ನೀರಿಗಿ ನೀರು ಗುರ್ತ ಆಗ್ಲಿ ತಡಿ” ಎಂದು ಕಾಯುತ್ತಿದ್ದೆ. ಚಳಿ ಜೋರಾದ ದಿನ ಅವಕ್ಕೆ ಒಂದು ಕಾಳೂ ಹಾಕುತ್ತಿರಲಿಲ್ಲ. ನನ್ನ ಮನೆಯಲ್ಲಿ ಜೀವ ಉಪವಾಸ ಇರಬಾರದೆಂದು ನಾನು ಜಗಳಕ್ಕೆ ನಿಂತರೆ, “ಥಂಡ್ಯಾಗ ಅವುಕ್ಕ ಅರಗೂದಿಲ್ಲ ಯಕ್ಕಾ. ನೀ ನಮಗೆಲ್ಲಾ ತುರುಕಿದಂಗ ಅವುಕ್ಕೂ ತುರುಕಬ್ಯಾಡ” ಎಂದಿದ್ದೆ. ಸೊಸೆ ರೇಣುಕಾ ಸೆರಗು ಬಾಯಿಗೊತ್ತಿಕೊಂಡು ನಕ್ಕಿದ್ದು ನನಗೆ ಕಂಡಿತ್ತು.

ದಸರಾ ಮುಗಿದ ವಾರ ನಿನ್ನನ್ನು ಯಾದಗಿರಿಯ ದವಾಖಾನೆಗೆ ಒಯ್ಯುವಾಗ, ಜೀಪಿನಲ್ಲಿ ನನ್ನ ಕೈ ಹಿಡಿದು, “ದೀಪಾವಳಿಗೆ ಮೀನ ಒಳಗ…” ಎಂದೆ. “ಮೊದಲ ನೀ ಆರಾಮಾಗು” ಎಂದು ನಾನು ಬಾಯಿ ಮುಚ್ಚಿಸಿದೆ. ಯಾವಾಗಲೂ ಹಾಗೇ ಮಾಡುತ್ತಿದ್ದೆನಲ್ಲ? ಆದರೆ ಅದೊಂದು ಸಲ ನೀನು ನಿಜವಾಗಿಯೂ ಸುಮ್ಮನಾದೆ.

ನೀನು ಅಲ್ಲೇ ಕಣ್ಣು ಮುಚ್ಚಿದ ಮೇಲೆ ಒಂದು ದಿನ ಬೇಳೆಗೆ ಉಪ್ಪು ಹೆಚ್ಚಾಯಿತು. ಎಲ್ಲರೂ ತಲೆ ತಗ್ಗಿಸಿ ಉಂಡರು. ಮರುದಿನ ಬೇಕೆಂದೇ ಇನ್ನೊಂದು ಹಿಡಿ ಹಾಕಿದೆ. ಮಗ ಎರಡು ಲೋಟ ನೀರು ಕುಡಿದು, “ಛಲೋ ಆಗೇದವ್ವಾ” ಎಂದು ಎದ್ದು ಹೋದ. ಮನೆ ತುಂಬ ಜನರಿದ್ದಾರೆ ನೀಲಮ್ಮ. “ಯಕ್ಕಾ, ಇದನ್ನ ಎತ್ತಿಗೂ ಇಡಬ್ಯಾಡ” ಎನ್ನುವವಳು ಮಾತ್ರ ಇಲ್ಲ.

ದೀಪಾವಳಿಯ ಮರುದಿನ ಮೀನು ಒಳಗೆ ತರಲು ನಾನೇ ಹೋದೆ. ನಿನ್ನ ಡ್ರಮ್ಮು ಇರಲಿಲ್ಲ. ನಿನ್ನ ದಿವಸಕ್ಕೆ ಮನೆ ತೊಳೆಸಿದಾಗ ಅದನ್ನು ಗುಜರಿಯವನಿಗೆ ಕೊಟ್ಟುಬಿಟ್ಟಿದ್ದೆ. ನಿನ್ನ ಮೀನು ಇನ್ನು ಹರಕು ಪ್ಲಾಸ್ಟಿಕ್ಕಿನಲ್ಲಿರಬಾರದು ಎಂದುಕೊಂಡು, ಶಹಾಪುರದ ತವರಿನಿಂದ ನನ್ನ ಜೊತೆ ಬಂದ ತಾಮ್ರದ ಹಂಡೆ ತೆಗೆದೆ. ಹುಣಸೆಹಣ್ಣು ಹಚ್ಚಿ ಮುಖ ಕಾಣುವಂತೆ ಬೆಳಗಿದೆ. ನೆಲದ ಮೇಲಿಡದೆ ಪಡಸಾಲೆಯಲ್ಲಿ ಮಣೆ ಹಾಕಿಟ್ಟೆ. ನೀನಿದ್ದಾಗ ನಿನ್ನ ಮೀನಿಗೆ ಕೊಡದ ಮರ್ಯಾದೆಯನ್ನು ಈಗಲಾದರೂ… ತಾಮ್ರದ ನೀರು ಮನುಷ್ಯರಿಗೆ ಒಳ್ಳೆಯದೆಂದೇ ಕೇಳಿ ಬೆಳೆದವಳು ನಾನು. ಮೀನಿಗೆ ಕೆಟ್ಟದ್ದೆಂದು ನನಗೇನು ಗೊತ್ತು?

ಮೊದಲ ದಿನವೇ ಅವು ಮೇಲೆ ಬಂದು ಬಾಯಿ ತೆರೆಯತೊಡಗಿದವು. ಹಸಿವು ಎಂದುಕೊಂಡು ಹಿಟ್ಟಿನ ಉಂಡೆ ಹಾಕಿದೆ. ರೇಣುಕಾ ಬಂದಳು, ಹಂಡೆ ನೋಡಿದಳು, ನನ್ನನ್ನು ನೋಡಿದಳು, ಹೋದಳು. ಮೂರನೆಯ ಬೆಳಿಗ್ಗೆ ಮೂರು ಮೀನು ಅಡ್ಡ ತೇಲುತ್ತಿದ್ದವು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಅವಳು ಅಳುತ್ತಿದ್ದಳು.

“ಯಾಕ ಅಳಾಕತ್ತೀ? ಏನರ ಗೊತ್ತಿತ್ತೇನ ನಿನಗ?”

“ಹೌದ್ರಿ ಅತ್ತಿ. ತಾಮ್ರ ಮೀನಿಗಿ ಇಷ ಅಂತ ನೀಲಮ್ಮ ಚಿಗವ್ವ ಹೇಳಿದ್ರು.”

“ಮತ್ತ ಬಾಯಾಗ ಏನ ಇಟ್ಕೊಂಡಿದ್ದಿ? ಮೂರು ದಿನ ಯಾಕ ಹೇಳ್ಲಿಲ್ಲ?”

“ನಿಮಗ ಹೆಂಗ ಹೇಳೂದ್ರಿ?”

ಅಷ್ಟೇ ಅಂದಳು. ದನಿ ಏರಿಸಿಯೂ ಅಲ್ಲ. ಈ ಮನೆಗೆ ಬಂದು ಒಂಬತ್ತು ವರ್ಷ ಆದವಳು, ಮನೆಯಲ್ಲಿ ಜೀವ ಹೋಗುವುದನ್ನು ನೋಡುತ್ತ ನನ್ನ ಹೆದರಿಕೆಗೆ ಬಾಯಿ ಕಟ್ಟಿಕೊಂಡು ನಿಂತಿದ್ದಳು. ನಾಳೆ ಮೊಮ್ಮಗುವಿಗೆ ನಾನು ತಪ್ಪು ಔಷಧಿ ಕುಡಿಸಿದರೂ ಹೀಗೇ ನಿಲ್ಲುತ್ತಿದ್ದಳೇ? ಅವಳ ಪಕ್ಕದಲ್ಲೇ ಹೊಸ್ತಿಲ ಮೇಲೆ ಕೂತೆ.

“ಉಳದದ್ದ ಹೆಂಗ ಉಳಿಸೂದು, ಹೇಳ” ಎಂದೆ. ಬಟ್ಟೆ ಒಗೆಯುವ ದೊಡ್ಡ ಟಬ್ಬು ತಂದಳು. ನಾನು ಸಾಬೂನು ಹಚ್ಚಲು ಹೋದರೆ, “ಅದ ಬ್ಯಾಡ್ರಿ, ಬರೇ ನೀರಲೇ ತಿಕ್ರಿ” ಎಂದಳು. ಅಂದವಳೇ ಹೆದರಿ ಹಿಂದೆ ಸರಿದಳು. ಬರೇ ನೀರಲ್ಲೇ ತಿಕ್ಕಿದೆ. ಬಿಸಿಲೇರಿದ ಹೊಂಡದಿಂದ ಇಬ್ಬರೂ ನೀರು ಹೊತ್ತೆವು. ಮೀನು ಚೇತರಿಸಿಕೊಳ್ಳಲು ನಾಲ್ಕು ದಿನ ಬೇಕಾಯಿತು. ಆ ನಾಲ್ಕೂ ದಿನ ಕಾಳು ಹಾಕಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ನಾಲ್ಕು ಮೀನು ಉಳಿದಿವೆ. ಇನ್ನೊಂದು ಮಾತು, ನಿನಗೆ ಎಂದೂ ಹೇಳಿರಲಿಲ್ಲ: ನೀನು ಗುಡಿಗೆ ಹೋದಾಗಲೆಲ್ಲ ನಾನು ನಿನ್ನ ಕೋಣೆಯಲ್ಲಿ ಕೂತು ಅವನ್ನು ನೋಡುತ್ತಿದ್ದೆ.

ಶಿವರಾತ್ರಿ ಕಳೆದ ಮರುದಿನ ಎಲ್ಲರ ಮುಂದೆ ಹೇಳಿದೆ, ಇವತ್ತು ಮೀನು ಹೊಂಡಕ್ಕೆ ಹೋಗುತ್ತವೆ ಎಂದು. ಮಗ ಟಬ್ಬಿನ ಒಂದು ಕಡೆ ಹಿಡಿದ, ನಾನು ಇನ್ನೊಂದು ಕಡೆ. ಹಿತ್ತಲ ಬಾಗಿಲು ದಾಟಿದ್ದೆವು.

“ಬ್ಯಾಡ್ರಿ ಅತ್ತಿ” ಎಂದಳು ರೇಣುಕಾ.

ಮಗ ಗಕ್ಕನೆ ನಿಂತ. “ಏಯ್, ಅವ್ವಗ ಏನ ಹೇಳಾಕತ್ತೀ?”

ಈ ಸಲ ಅವಳು ಹಿಂದೆ ಸರಿಯಲಿಲ್ಲ. “ಹೊಂಡದಾಗ ಕೈ ಇಟ್ಟು ನೋಡ್ರಿ. ನೀರು ಇನ್ನಾ ಕೊರಿಯಾಕತ್ತೇದ. ಎಂಟ ದಿನ ತಡೀರಿ. ಹೇಳಿದ್ದು ಹೇಳಿದ್ದೇ ಅಂತ ನಾಕೂ ಸಾಯ್ಬೇಕೇನ್ರಿ?”

ಎಷ್ಟು ತಿಂಗಳಾಗಿತ್ತು ನೀಲಮ್ಮ, ನನ್ನೊಡನೆ ಯಾರಾದರೂ ಹೀಗೆ ಮಾತಾಡಿ! ಹೊಂಡದಲ್ಲಿ ಕೈ ಇಟ್ಟು ನೋಡಲಿಲ್ಲ ನಾನು. ನೋಡಿದ್ದರೆ ನನ್ನ ಕೈ ಹೇಳಿದ್ದನ್ನು ಕೇಳಿದಂತಾಗುತ್ತಿತ್ತು, ಅವಳ ಮಾತು ಕೇಳಿದಂತಾಗುತ್ತಿರಲಿಲ್ಲ. ಮಗನಿಗೆ ಹಿಂದೆ ತಿರುಗು ಎಂದೆ. ಇಬ್ಬರೂ ಟಬ್ಬನ್ನು ಮತ್ತೆ ಒಳಗೆ ತಂದಿಟ್ಟೆವು.