ಯಾರಿನಾಳ ಬೆನ್ನಿಗೆ ಎಷ್ಟು ಕೊಟ್ಟಿರಿ?

ವೆರ್ಬಿವ್ಕಾ
15 ಅಕ್ಟೋಬರ್ 2019

ನನ್ನ ಮುದ್ದಿನ ಓರಿಸ್ಯಾ,

ನಿನ್ನೆ ಪೊಕ್ರೋವಾ ಹಬ್ಬಕ್ಕೆ ನೀನು ತಂದ ಗಸಗಸೆ ರೊಟ್ಟಿ ಚೆನ್ನಾಗಿತ್ತು. ಜೊತೆಗೆ ತಂದ ಮಾತು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. "ಅಕ್ಕಾ, ಆ ಮಾಹಿತಿ ಹಕ್ಕಿನ ಅರ್ಜಿ ವಾಪಸ್ ತಗೊಂಡ್ಬಿಡು ಕಣೇ. ನಮ್ ಸಾಹೇಬ್ರು ನನ್ ಮುಖಾನೇ ನೋಡ್ತಿಲ್ಲ" ಎಂದೆ ನೀನು. ಮಗಳು ಯಾರಿನಾ ಪಕ್ಕದ ಕೋಣೆಯಲ್ಲಿದ್ದಳೆಂದು ನಾನು ಬಾಯಿ ಬಿಡಲಿಲ್ಲ. ಈಗ ಹೇಳುತ್ತೇನೆ, ಕೇಳು. ವಾಪಸ್ ತೆಗೆದುಕೊಳ್ಳುವುದಿಲ್ಲ.

ಯಾರಿನಾಗೆ ಹದಿಮೂರು. ಬೆಳೆಯುವ ವಯಸ್ಸು ಮುಗಿಯುವುದರೊಳಗೆ ಬಾಗಿದ ಬೆನ್ನನ್ನು ನೆಟ್ಟಗೆ ಹಿಡಿಯುವ ಸರಿಯಾದ ಬ್ರೇಸ್ ಹಾಕದಿದ್ದರೆ ಆಮೇಲೆ ಆಪರೇಷನ್ನೇ ಗತಿ ಎಂದು ಡಾಕ್ಟರು ನಿನ್ನೆದುರಿಗೇ ಹೇಳಿದ್ದರು. ನೀನು ಕೆಲಸ ಮಾಡುವ ಕಚೇರಿ ಸರ್ಕಾರದ ದುಡ್ಡಿನಲ್ಲಿ ಕೊಟ್ಟ ಬ್ರೇಸಿನ ಚೀಟಿಯಲ್ಲಿ 'ಮಗುವಿನ ಮೈ ಅಳತೆಗೆ ಮಾಡಿದ್ದು' ಎಂದಿದೆ. ಯಾವ ಮಗುವಿನ ಮೈ? ಇವಳಿಗೆ ಯಾರೂ ಪ್ಲಾಸ್ಟರಿನ ಅಚ್ಚು ತೆಗೆಯಲಿಲ್ಲ, ಟೇಪು ಹಿಡಿದು ಕೂಡ ನೋಡಲಿಲ್ಲ. ಡಬ್ಬದಿಂದ ತೆಗೆದರು, ಬಿಗಿದರು, ನನ್ನ ಕೈಯಲ್ಲಿ ಸಹಿ ಹಾಕಿಸಿಕೊಂಡು ಕಳಿಸಿದರು. ಈಗ ಪಕ್ಕೆಲುಬಿನ ಮೇಲೆ ಚರ್ಮ ಸುಲಿದಿದೆ.

ಅರ್ಜಿಯಲ್ಲಿ ಕೇಳಿರುವುದಾದರೂ ಏನು? ಈ ಬ್ರೇಸಿಗೆ ಎಷ್ಟು ಕೊಟ್ಟಿರಿ, ತೆಗೆಯದ ಅಚ್ಚಿಗೂ ಸೇರಿಸಿ ಕೊಟ್ಟಿರಾ, ಅಷ್ಟೇ. "ಇದೆಲ್ಲ ನಿಂಗ್ಯಾಕೆ ಅಂತ ಕೇಳ್ತಾರೆ" ಎಂದೆಯಲ್ಲ, ಯಾಕೆಂದು ಹೇಳಬೇಕಾಗಿಲ್ಲ. ಕಾನೂನೇ ಹಾಗಿದೆ. ನಿಮ್ಮ ಸಾಹೇಬರಿಗೆ ಗೊತ್ತಿಲ್ಲದಿದ್ದರೆ ನೀನೇ ಓದಿ ಹೇಳು, ಪುಣ್ಯ ಬರುತ್ತದೆ.

ನಿನ್ನ ಕೆಲಸಕ್ಕೆ ಸಂಚಕಾರ ಬರುತ್ತದೆಂಬ ಭಯ ನನಗಿಲ್ಲವೇ? ಇದೆ. ನಿನ್ನನ್ನು ಎತ್ತಿ ಆಡಿಸಿದವಳು ನಾನು. ಆದರೆ ದಿನಾ ಆ ಗಾಯಕ್ಕೆ ಮುಲಾಮು ಹಚ್ಚುವವಳೂ ನಾನೇ. ನಮ್ಮಕ್ಕ ಮಹಾ ಹಟಮಾರಿ, ಮಾತು ಕೇಳಲ್ಲ ಎಂದು ಸಾಹೇಬರ ಮುಂದೆ ಚೆನ್ನಾಗಿ ಬೈದುಬಿಡು. ನನಗೇನೂ ಬೇಜಾರಿಲ್ಲ.

ಕೋಪದಲ್ಲೂ ನಿನ್ನವಳೇ ಆದ
ಅಕ್ಕ ಯೂಸ್ತಿನಾ

ತಾ.ಕ.: ನಿನ್ನೆ ಒಂದು ವಿಷಯ ಮುಚ್ಚಿಟ್ಟೆ. ಮನೆತನದ ಹೆಸರಷ್ಟೇ ನೋಡಿ ಅರ್ಜಿ ನನ್ನದೆಂದುಕೊಂಡೆ ನೀನು, ನಾನೂ ಹಾಗೇ ಇರಲಿ ಎಂದು ಸುಮ್ಮನಾದೆ. ನೀನು ಹೋದ ಮೇಲೆ ನನಗೇ ಹೆದರಿಕೆಯಾಗಿ, ಬಿಟ್ಟುಬಿಡೋಣವೇನೇ ಎಂದು ಯಾರಿನಾಳನ್ನು ಕೇಳಿದೆ. "ಬರೆದಿದ್ದು ನಾನು, ಬಿಡೋದಾದ್ರೆ ನಾನೇ ಬಿಡ್ಬೇಕು. ಬಿಡಲ್ಲ. ಉತ್ತರ ನನ್ ಹೆಸರಿಗೇ ಕಳಿಸೋಕೆ ಹೇಳು ಚಿಕ್ಕಮ್ಮಂಗೆ" ಎಂದಳು. ಕಚೇರಿಗೆ ಹೋದಾಗ ಆ ಅರ್ಜಿಯನ್ನು ಇನ್ನೊಮ್ಮೆ ತೆಗೆದು ನೋಡು. ಆ ದುಂಡು ಅಕ್ಷರ ನೀನೇ ಅವಳ ಕೈ ಹಿಡಿದು ತಿದ್ದಿಸಿದ್ದು.